ಹೂ ಬಿಡದ ಗಿಡಕ್ಕೆ ಗೊಬ್ಬರವೇ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ದಸರಾ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಮೈಸೂರಿನ ನರ್ಸರಿಗಳಲ್ಲಿ ಗಿಡದ ವ್ಯಾಪಾರ ಜೋರು. ಕೊಂಡಾಗ ಮೈತುಂಬ ಹೂವಿದ್ದ ದಾಸವಾಳ, ಗುಲಾಬಿ, ಇಕ್ಸೋರಾ ಮನೆಗೆ ಬಂದ ಮೇಲೆ ಯುಗಾದಿ ಕಳೆದರೂ ಇನ್ನೊಂದು ಮೊಗ್ಗು ಕಚ್ಚುವುದಿಲ್ಲ. ಗಿಡ ಸೊರಗಿದೆಯೇ ಎಂದರೆ ಅದೂ ಇಲ್ಲ. ಎಲೆ ದಟ್ಟವಾಗಿದೆ, ಬಣ್ಣ ಕಡುಹಸಿರು. ಆಗ ಮನೆಯವರು ಹೋಗುವುದು ಗೊಬ್ಬರದಂಗಡಿಗೆ. ಅಂಗಡಿಯಲ್ಲಿ ‘ಹೂ ಬರಿಸುವ’ ಪೊಟ್ಟಣ ಸಿಗುತ್ತದೆ. ಮೊಬೈಲಿನ ವಿಡಿಯೊಗಳು ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಎಪ್ಸಮ್ ಉಪ್ಪು ಎನ್ನುತ್ತವೆ. ಎಲ್ಲವನ್ನೂ ಸುರಿದ ಮೇಲೂ ಹೂವಿಲ್ಲದಿದ್ದರೆ ‘ಈ ಜಾತಿಯೇ ಸರಿಯಿಲ್ಲ’ ಎಂದು ಗಿಡ ಕಿತ್ತು ಬಿಸಾಡುತ್ತಾರೆ.

ಹೂ ಬಿಡದ ಎಳೆಗಿಡಗಳಲ್ಲಿ ಹೆಚ್ಚಿನವಕ್ಕೆ ಹಸಿವಿಲ್ಲ. ಅವಕ್ಕೆ ಬಿಸಿಲು ಸಾಲದು, ಇಲ್ಲವೇ ಮೊಗ್ಗು ಕಚ್ಚುವ ಕುಡಿಯನ್ನು ಯಾರೋ ಕತ್ತರಿಸುತ್ತಿದ್ದಾರೆ, ಇಲ್ಲವೇ ಅವಕ್ಕಿನ್ನೂ ವಯಸ್ಸಾಗಿಲ್ಲ. ಈ ಮೂರನ್ನು ನೋಡಿದ ಮೇಲೆ ಗೊಬ್ಬರದ ಮಾತು. ಅಲ್ಲಿಯೂ ತೊಂದರೆ ಕೊರತೆಯಿಂದ ಬರುವುದಕ್ಕಿಂತ ಅತಿಯಿಂದ ಬರುವುದೇ ಹೆಚ್ಚು. ಪತ್ರಿಕೆಯ ಓದುಗರಿಗೆ ಅನುಕೂಲವಾಗಲೆಂದು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಒಂದು ವಿಷಯ ಖಚಿತವಾಗಬೇಕು. ಗಿಡದಲ್ಲಿ ಮೊಗ್ಗೇ ಮೂಡುತ್ತಿಲ್ಲವೋ, ಮೂಡಿದ ಮೊಗ್ಗು ಅರಳುವ ಮುನ್ನ ಉದುರುತ್ತಿದೆಯೋ? ಎರಡಕ್ಕೂ ಜನ ‘ಹೂ ಬಿಡ್ತಾ ಇಲ್ಲ’ ಎಂದೇ ಹೇಳುತ್ತಾರೆ, ಆದರೆ ಕಾರಣ ಬೇರೆ, ಮದ್ದು ಬೇರೆ. ಒಂದು ವಾರ ಬೆಳಿಗ್ಗೆ ಗಿಡದ ಬುಡ ನೋಡಿದರೆ ಸಾಕು. ಕಾಳಿನಷ್ಟು ದೊಡ್ಡ, ಹಳದಿಗೆ ತಿರುಗಿದ ಮೊಗ್ಗು ಬಿದ್ದಿದ್ದರೆ ಅದು ಹುಳುವಿನ ಅಥವಾ ನೀರಿನ ಸಮಸ್ಯೆ. ಅದಕ್ಕೆ ಆಮೇಲೆ ಬರೋಣ. ಬುಡದಲ್ಲಿ ಏನೂ ಇಲ್ಲ, ಕುಡಿಯಲ್ಲೂ ಏನೂ ಇಲ್ಲ ಎಂದರೆ ತಲೆಯೆತ್ತಿ ಆಕಾಶ ನೋಡಿ.

ಬಿಸಿಲಿನ ಲೆಕ್ಕದಲ್ಲಿ ನಮ್ಮವರು ತಪ್ಪುವುದು ‘ಬೆಳಕಿದೆ’ ಮತ್ತು ‘ಬಿಸಿಲಿದೆ’ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಗುಲಾಬಿ, ಮಲ್ಲಿಗೆ, ದಾಸವಾಳ, ಕಣಗಿಲೆ, ಕಾಗದದ ಹೂ ಇವಕ್ಕೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಎಲೆಯ ಮೇಲೆ ಬೀಳಬೇಕು. ಇಕ್ಸೋರಾ, ನಂದಿಬಟ್ಟಲು 4 ಗಂಟೆಯಲ್ಲೂ ಸುಧಾರಿಸುತ್ತವೆ. ಕನಕಾಂಬರ, ಗೋರಂಟೆ ಅರೆನೆರಳಲ್ಲೂ ಹೂ ಕೊಡುತ್ತವೆ. ಬಿಸಿಲು ಕಡಿಮೆಯಾದ ಗಿಡ ಸಾಯುವುದಿಲ್ಲ. ಇರುವಷ್ಟು ಬೆಳಕನ್ನು ಹಿಡಿಯಲು ಎಲೆಯನ್ನು ಅಗಲ ಮಾಡಿಕೊಳ್ಳುತ್ತದೆ, ಗೆಣ್ಣು ದೂರ ದೂರ ಮಾಡಿಕೊಂಡು ಉದ್ದಕ್ಕೆ ಹೋಗುತ್ತದೆ. ಎಲೆಗೆ ಸಾಲುವಷ್ಟು ಮಾತ್ರ ತಯಾರಾಗುವ ಸಕ್ಕರೆಯಲ್ಲಿ ಮೊಗ್ಗಿಗೆ ಪಾಲು ಉಳಿಯುವುದಿಲ್ಲ. ನೋಡುವವರಿಗೆ ಗಿಡ ಸೊಗಸಾಗಿ ಕಾಣುವುದು ಇದೇ ಕಾರಣಕ್ಕೆ.

30×40 ನಿವೇಶನಗಳ ಬಡಾವಣೆಯಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂಬುದು ಋತುವಿನಿಂದ ಋತುವಿಗೆ ಬದಲಾಗುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ನಾಲ್ಕನೇ ವಾರ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ, ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲಿರುತ್ತಾನೆ. ನಡುವಿನ ಮಳೆಗಾಲದ ತಿಂಗಳುಗಳಲ್ಲಿ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣಕ್ಕೆ. 20 ಅಡಿ ಎತ್ತರದ ಮನೆಯ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರ ದಿಕ್ಕಿಗೆ 14 ಅಡಿ ಚಾಚುತ್ತದೆ. ಮಾರ್ಚ್ ಮೂರನೇ ವಾರಕ್ಕೆ ಅದು 4–5 ಅಡಿಗೆ ಇಳಿಯುತ್ತದೆ. ಜೂನ್‌ನಲ್ಲಿ ತಿರುಗಿ ದಕ್ಷಿಣಕ್ಕೆ 4 ಅಡಿ ಬೀಳುತ್ತದೆ. ಮೇ ತಿಂಗಳಲ್ಲಿ ‘ಇಲ್ಲಿ ಒಳ್ಳೆ ಬಿಸಿಲು’ ಎಂದು ಮನೆಯ ಉತ್ತರಕ್ಕೆ, ಗೋಡೆಯಿಂದ 6 ಅಡಿ ಬಿಟ್ಟು ಮಲ್ಲಿಗೆ ನೆಟ್ಟವರ ಗಿಡ ನವೆಂಬರಿನಿಂದ ಫೆಬ್ರುವರಿವರೆಗೆ ಮಧ್ಯಾಹ್ನದ ಬಿಸಿಲನ್ನೇ ಕಾಣುವುದಿಲ್ಲ. ಮಲ್ಲಿಗೆಯ ಹೊಸ ಚಿಗುರು ಬಲಿಯುವುದು ಆ ತಿಂಗಳುಗಳಲ್ಲೇ.

ಆದ್ದರಿಂದ ಜಾಗ ಆರಿಸುವ ಮುನ್ನ ಮೋಡವಿಲ್ಲದ ಒಂದು ದಿನ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಗಂಟೆಗೊಮ್ಮೆ ಆ ಜಾಗ ನೋಡಿ, ಬಿಸಿಲಿದ್ದರೆ ಗೆರೆ ಎಳೆಯಿರಿ. ಸಾಧ್ಯವಾದರೆ ಡಿಸೆಂಬರಿನಲ್ಲಿ ಒಮ್ಮೆ, ಜೂನ್ ಸುಮಾರಿಗೆ ಒಮ್ಮೆ. ಕುಂಡವಾದರೆ ಋತುವಿಗೆ ತಕ್ಕಂತೆ ಜರುಗಿಸಬಹುದು; ನೆಲದ ಗಿಡಕ್ಕೆ ಆ ಭಾಗ್ಯವಿಲ್ಲ. ಇನ್ನೊಂದು ಮಾತು, ಟೆರೇಸಿನ ಹಸಿರು ಬಲೆ. ಶೇ 50ರ ಬಲೆ ಎಂದರೆ ಅರ್ಧ ಬೆಳಕು ಹೋಯಿತು ಎಂದೇ ಅರ್ಥ. ಮಾರ್ಚ್‌ನಲ್ಲಿ ಎಲೆ ಸುಡದಿರಲಿ ಎಂದು ಕಟ್ಟಿದ ಬಲೆಯನ್ನು ಮಳೆ ಶುರುವಾದ ಮೇಲೂ ಬಿಚ್ಚದೆ, ಮೋಡದ ಬೆಳಕನ್ನೂ ಅರ್ಧ ಮಾಡಿ, ಗುಲಾಬಿಗೆ ಹೂವಿಲ್ಲ ಎಂದು ಕೊರಗುವವರು ನಗರದಲ್ಲಿ ಕಡಿಮೆಯಿಲ್ಲ.

ಬಿಸಿಲು ಸರಿಯಿದ್ದೂ ಹೂವಿಲ್ಲವೆಂದರೆ ಮುಂದಿನ ಆರೋಪಿ ಕತ್ತರಿ.

ಯಾವ ಗಿಡ ಎಲ್ಲಿ ಮೊಗ್ಗು ಕಚ್ಚುತ್ತದೆ ಎಂದು ತಿಳಿಯದೆ ಕತ್ತರಿ ಹಿಡಿಯಬಾರದು. ದಾಸವಾಳದ ಮೊಗ್ಗು ಹೊಸ ಚಿಗುರಿನ ಎಲೆಕಂಕುಳಲ್ಲಿ ಬರುತ್ತದೆ. ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ನಿಜ. ಆದರೆ ಆ ಕವಲು ಬೆಳೆದು ಮೊಗ್ಗಾಗಲು ಆರರಿಂದ ಎಂಟು ವಾರ ಬೇಕು. ತಿಂಗಳಿಗೊಮ್ಮೆ ಚಿವುಟುವ ಮನೆಯಲ್ಲಿ ಗಿಡ ಎಂದೂ ಆ ಹಂತ ಮುಟ್ಟುವುದೇ ಇಲ್ಲ. ಹೊಸ ಗಿಡಕ್ಕೆ ಎರಡು ಸಲ ಚಿವುಟಿ ಪೊದೆ ಕಟ್ಟಿಸಿ, ಆಮೇಲೆ ಕೈ ಬಿಡಿ. ಇಕ್ಸೋರಾ ಕಥೆ ಇನ್ನೂ ಕಷ್ಟ. ಅದರ ಗೊಂಚಲು ಬರುವುದು ಬಲಿತ ರೆಂಬೆಯ ತುದಿಯಲ್ಲಿ. ಅಪಾರ್ಟ್‌ಮೆಂಟುಗಳಲ್ಲೂ ಉದ್ಯಾನಗಳಲ್ಲೂ ಇಕ್ಸೋರಾ ಬೇಲಿಯನ್ನು ಗೋಡೆಯಂತೆ ನೇರವಾಗಿಡಲು ಹದಿನೈದು ದಿನಕ್ಕೊಮ್ಮೆ ದೊಡ್ಡ ಕತ್ತರಿ ಆಡಿಸುತ್ತಾರೆ. ಹೂ ಬರುವ ತುದಿಗಳೆಲ್ಲ ಕಸದ ಗಾಡಿಗೆ ಹೋಗುತ್ತವೆ. ಹೂ ಬೇಕಿದ್ದರೆ ಗೊಂಚಲು ಬಾಡಿದ ಕೂಡಲೇ ಅದರ ಕೆಳಗಿನ ಎರಡು ಗೆಣ್ಣಿಗೆ ಕತ್ತರಿಸಿ, ಮುಂದಿನ ಗೊಂಚಲಿನವರೆಗೆ ಮುಟ್ಟಬಾರದು. ನೇರ ಬೇಲಿಯೂ ಬೇಕು, ಹೂವೂ ಬೇಕು ಎಂದರೆ ಆಗದು.

ಮಲ್ಲಿಗೆಯ ವಿಷಯದಲ್ಲಿ ನಮ್ಮೂರಿನವರೇ ಎಡವುವುದು ವಿಚಿತ್ರ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆಯ ಹೆಸರಿರುವ ಊರಲ್ಲಿ, ಮಲ್ಲಿಗೆ ಗಿಡವನ್ನು ಯುಗಾದಿಗೆ ಮನೆ ಸುಣ್ಣ-ಬಣ್ಣ ಮಾಡುವಾಗ ಅಂಗಳದ ಜೊತೆಗೆ ಚೊಕ್ಕಟ ಮಾಡಿಬಿಡುತ್ತಾರೆ. ಮಾರ್ಚ್ ಎಂದರೆ ದುಂಡು ಮಲ್ಲಿಗೆ ಹೂವಿಗೆ ಬರುವ ಕಾಲ. ಆಗ ಕತ್ತರಿಸಿದರೆ ಆ ವರ್ಷದ ಫಸಲಿನ ಮುಖ್ಯ ಭಾಗ ಹೋಯಿತು. ದುಂಡು ಮಲ್ಲಿಗೆಯನ್ನು ಸವರಬೇಕಾದ್ದು ನವೆಂಬರ್ ಕೊನೆಯ ವಾರ. ಅದಕ್ಕೆ ಮುಂಚೆ ಹತ್ತು-ಹದಿನೈದು ದಿನ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ (45–50 ಸೆಂ.ಮೀ.) ಎತ್ತರಕ್ಕೆ ಕತ್ತರಿಸಿ, ಒಣಕಲು, ಹೆಣೆದುಕೊಂಡ ಕಡ್ಡಿ ತೆಗೆದು, ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಬಿಡಬೇಕು. ಹೊಸ ಚಿಗುರು ಫೆಬ್ರುವರಿ-ಮಾರ್ಚ್ ಹೊತ್ತಿಗೆ ಮೊಗ್ಗು ಹೊರುತ್ತದೆ. ಎಲ್ಲ ಮಲ್ಲಿಗೆಗೂ ಇದೇ ತಾರೀಖಲ್ಲ: ಜಾಜಿಗೆ ಡಿಸೆಂಬರ್ ಕೊನೆ, ಸೂಜಿ ಮಲ್ಲಿಗೆಗೆ ಜನವರಿ ಕೊನೆ. ಒಂದನೇ ವರ್ಷದ ಗಿಡಕ್ಕೆ ಇಷ್ಟು ಕಟುವಾಗಿ ಕತ್ತರಿ ಬೇಡ, ಬಳ್ಳಿಯಂತೆ ಚಾಚಿದ ತುದಿ ತೆಗೆದರೆ ಸಾಕು. ಹೆಚ್ಚು ಎಸಳಿನ ಏಳು ಸುತ್ತಿನ ಮಲ್ಲಿಗೆ ಸ್ವಭಾವತಃ ಕಡಿಮೆ ಹೂ ಕೊಡುವ ಗಿಡ. ಅದನ್ನು ದುಂಡು ಮಲ್ಲಿಗೆಗೆ ಹೋಲಿಸಿ ಬೈಯುವುದು ನ್ಯಾಯವಲ್ಲ.

ಗುಲಾಬಿಯನ್ನು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ ಸವರಬೇಕು. ಹೊರಮುಖವಾಗಿರುವ ಕಣ್ಣಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಿದರೆ 40–45 ದಿನಕ್ಕೆ ಹೂ. ಸಂಕ್ರಾಂತಿಗೆ ಹೂ ಬೇಕೆನ್ನುವವರು ನವೆಂಬರ್ ಮುಗಿಯುವುದರೊಳಗೆ ಈ ಕೆಲಸ ಮುಗಿಸಲಿ. ನಡುವೆ ಬಾಡಿದ ಹೂವನ್ನು ಗಿಡದಲ್ಲೇ ಬಿಡಬೇಡಿ. ಐದು ಎಲೆಗಳ ಗರಿ ಇರುವ ಮೊದಲ ಗೆಣ್ಣಿನ ಮೇಲೆ ಕತ್ತರಿಸಿ.

ಕಾಗದದ ಹೂವಿನದು ಒಂದು ಸ್ವಾರಸ್ಯ. ಅದರ ಎಲೆಕಂಕುಳಿನ ಮುಳ್ಳು ನಿಜಕ್ಕೂ ಹೂಗೊಂಚಲಿನದೇ ರೂಪಾಂತರ. ನೀರು, ಸಾರಜನಕ ಧಾರಾಳವಾಗಿದ್ದು ಬಿಸಿಲು ಕಡಿಮೆಯಾದರೆ ಆ ಜಾಗದಲ್ಲಿ ಮುಳ್ಳು. ಬಿಸಿಲು ಚುರುಕಾಗಿ ಬೇರು ಸ್ವಲ್ಪ ಒಣಗಿದರೆ ಅದೇ ಜಾಗದಲ್ಲಿ ಹೂ. ಹಾಗಾಗಿ ಆಳೆತ್ತರ ಚಾಚಿದ, ಬರೀ ಮುಳ್ಳಿನ ರೆಂಬೆಯನ್ನು ಒಂದಡಿಗೆ ತಗ್ಗಿಸಿ, ಕುಂಡದ ಮೇಲಿನ ಎರಡು ಅಂಗುಲ ಮಣ್ಣು ಒಣಗಿ ಎಲೆ ತುಸು ಜೋಲುವವರೆಗೆ ನೀರು ತಡೆಯಿರಿ. ಈ ಒಂದು ಗಿಡಕ್ಕೆ ಮಾತ್ರ ದೊಡ್ಡ ಕುಂಡ ಶಾಪ; ಬೇರು ಇಕ್ಕಟ್ಟಾಗಿದ್ದಷ್ಟೂ ಒಳ್ಳೆಯದು. ದಾಸವಾಳಕ್ಕೆ ಇದೇ ಉಪಾಯ ಮಾಡಿದರೆ ಇರುವ ಮೊಗ್ಗೂ ಉದುರುತ್ತದೆ.

ಇನ್ನು ವಯಸ್ಸು. ಬೀಜದಿಂದ ಹುಟ್ಟಿದ ಗಿಡಕ್ಕೆ ಬಾಲ್ಯವೊಂದಿದೆ. ಆ ಅವಧಿಯಲ್ಲಿ ಯಾವ ಗೊಬ್ಬರಕ್ಕೂ ಅದು ಹೂ ಬಿಡುವುದಿಲ್ಲ. ಹೂ ಬಿಟ್ಟಿದ್ದ ತಾಯಿಗಿಡದ ಕಡ್ಡಿ, ಗೂಟಿ (ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವ ವಿಧಾನ) ಅಥವಾ ಕಸಿಯಿಂದ ಬಂದ ಗಿಡ ಆ ಬಾಲ್ಯವನ್ನು ದಾಟಿಯೇ ಬಂದಿರುತ್ತದೆ. ಕಡ್ಡಿಯ ದಾಸವಾಳ ಬೇರೂರಿದ ಆರು ತಿಂಗಳಿಂದ ಒಂದು ವರ್ಷದೊಳಗೆ ಹೂ ಕೊಡಬೇಕು. ಕಡ್ಡಿಯ ಮಲ್ಲಿಗೆ ಮೊದಲ ವರ್ಷ ಅಲ್ಲೊಂದು ಇಲ್ಲೊಂದು ತೋರಿಸಿ, ಎರಡನೇ ವರ್ಷದಿಂದ ಮಾಲೆಗಾಗುವಷ್ಟು ಬಿಡುತ್ತದೆ. ಬೀಜದ ಪಾರಿಜಾತಕ್ಕೆ ಎರಡು ಮೂರು ವರ್ಷ ಕಾಯುವುದು ಸಾಮಾನ್ಯ. ಸಂಪಿಗೆ ಮರವೇ ಆದರೂ ಮನೆಮುಂದೆ ನೆಡುವವರು ಬಹಳ ಇರುವುದರಿಂದ ಹೇಳುತ್ತೇವೆ: ಕಸಿ ಸಂಪಿಗೆ ಎರಡು ಮೂರು ವರ್ಷಕ್ಕೆ ಹೂ ಬಿಟ್ಟರೆ, ಬೀಜದ ಸಂಪಿಗೆ ಆರೇಳು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಿಸುತ್ತದೆ. ಕೊಳ್ಳುವಾಗ ‘ಬೀಜದ್ದಾ, ಕಸಿಯದ್ದಾ’ ಎಂದು ಕೇಳದಿದ್ದರೆ ಆಮೇಲೆ ದೂರಿ ಪ್ರಯೋಜನವಿಲ್ಲ. ಮನೆಯಲ್ಲೇ ಕಡ್ಡಿ ನೆಡುವವರು ಬುಡದಿಂದ ನೆಟ್ಟಗೆ ಚಿಮ್ಮಿದ ರಸಭರಿತ ಚಿಗುರನ್ನು ಬಿಟ್ಟು, ಆ ವರ್ಷ ಹೂ ಹೊತ್ತ ರೆಂಬೆಯಿಂದ ಪೆನ್ಸಿಲ್ ದಪ್ಪದ, 6–8 ಅಂಗುಲದ, ಮೂರು ನಾಲ್ಕು ಗೆಣ್ಣಿನ ಕಡ್ಡಿ ಆರಿಸಲಿ.

ಗುಲಾಬಿಯಲ್ಲಿ ವಯಸ್ಸಿನ ಜೊತೆಗೆ ಇನ್ನೊಂದು ಮೋಸವಿದೆ. ಹೂ ಕೊಡುವ ಜಾತಿಯನ್ನು ಕಾಡುಗುಲಾಬಿಯ ಬೇರುಗಿಡಕ್ಕೆ ಕಣ್ಣುಕಸಿ ಮಾಡಿರುತ್ತಾರೆ. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಬೇರುಗಿಡದ್ದು, ಭರಭರನೆ ಬೆಳೆದು ಮೇಲಿನ ಕಸಿಯನ್ನು ಸೊರಗಿಸುತ್ತದೆ. ಮನೆಯವರು ‘ಎಷ್ಟು ಚೆನ್ನಾಗಿ ಬೆಳೆದಿದೆ’ ಎಂದು ಅದನ್ನೇ ಸಾಕುತ್ತಾರೆ. ಎಲೆಗರಿಯಲ್ಲಿ ಏಳು ಎಲೆ ಇದ್ದರೆ ಕಾಡುಗಿಡ ಎಂಬ ಮಾತು ಪೂರ್ತಿ ನಂಬುವಂಥದ್ದಲ್ಲ, ಕೆಲವು ಒಳ್ಳೆಯ ಜಾತಿಗಳಲ್ಲೂ ಏಳು ಇರುತ್ತವೆ. ಮಣ್ಣು ಸರಿಸಿ ಚಿಗುರು ಎಲ್ಲಿಂದ ಹೊರಟಿದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ. ಗಂಟಿನ ಕೆಳಗಿನದಾದರೆ ಕತ್ತರಿಸದೆ ಬುಡಸಮೇತ ಕೆಳಕ್ಕೆ ಎಳೆದು ಕೀಳಿ. ಕತ್ತರಿಸಿದರೆ ಉಳಿದ ಕಣ್ಣಿನಿಂದ ಎರಡು ಬರುತ್ತವೆ. ನೆಡುವಾಗ ಕಸಿಯ ಗಂಟು ನೆಲದಿಂದ ಎರಡು ಅಂಗುಲ ಮೇಲಿರಲಿ.

ನರ್ಸರಿಯಿಂದ ಬರುವ ಬೇರಿನ ಮುದ್ದೆಯನ್ನೂ ನೋಡಬೇಕು. ನಮ್ಮ ನರ್ಸರಿಗಳ ಗಿಡಗಳಲ್ಲಿ ಅನೇಕವು ಹೊರಗಿನವು. ಆಂಧ್ರದ ರಾಜಮಂಡ್ರಿ ಬಳಿಯ ಕಡಿಯಂನಿಂದ ಲಾರಿಗಳಲ್ಲಿ ಬರುತ್ತವೆ. ಕೆಲವು ತೆಂಗಿನ ನಾರಿನ ಪುಡಿಯಲ್ಲಿ, ಕೆಲವು ಗಟ್ಟಿ ಜೇಡಿಮಣ್ಣಿನ ಉಂಡೆಯಲ್ಲಿ. ನಾರಿನ ಪುಡಿಯ ಮುದ್ದೆಯನ್ನು ಹಾಗೇ ಕೆಂಪು ಮಣ್ಣಿಗೆ ಇಳಿಸಿದರೆ ಬೇರು ಅದರೊಳಗೇ ಸುತ್ತುತ್ತದೆ. ಸುತ್ತಿದ ಬೇರಿಗೆ ನಾಲ್ಕು ಕಡೆ ಅರ್ಧ ಅಂಗುಲ ಆಳ ಸೀಳಿ ನೆಡಿ. ಜೇಡಿ ಉಂಡೆಯನ್ನು ಬಕೆಟ್ ನೀರಲ್ಲಿ ನೆನೆಸಿ ಅರ್ಧದಷ್ಟಾದರೂ ಕರಗಿಸಿ. ಇನ್ನು ಕೆಲವು ಕುಂಡಗಿಡಗಳನ್ನು ಗಿಡ್ಡವಾಗಿಡಲು ಪ್ಯಾಕ್ಲೊಬ್ಯುಟ್ರಜಾಲ್‌ನಂಥ ಬೆಳವಣಿಗೆ ತಡೆಯುವ ರಾಸಾಯನಿಕ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಗಿಡ ಉದ್ದಕ್ಕೆ ಹೋಗಿ, ಕೆಲವು ತಿಂಗಳು ಹೂ ಮರೆತಂತಿರುತ್ತದೆ. ಅಲ್ಲಿ ಮಾಡಬೇಕಾದ್ದು ಕಾಯುವುದಷ್ಟೇ.

ಈಗ ಗೊಬ್ಬರ. ಬೆಳೆದ ಒಂದು ದುಂಡು ಮಲ್ಲಿಗೆ ಗಿಡಕ್ಕೆ ವರ್ಷಕ್ಕೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರದ ಜೊತೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಎನ್ನುವುದು ತೋಟಗಾರಿಕೆಯವರ ಶಿಫಾರಸು, ಅದನ್ನು ಸವರಿದ ಮೇಲೆ ಅರ್ಧ, ಜೂನ್-ಜುಲೈನಲ್ಲಿ ಅರ್ಧ ಕೊಡಬೇಕು. ಅಂಗಡಿಯ ಭಾಷೆಯಲ್ಲಿ ಇದು ಸುಮಾರು 130 ಗ್ರಾಂ ಯೂರಿಯಾ, 750 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 200 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇಡೀ ವರ್ಷಕ್ಕೆ ಯೂರಿಯಾ ಬೇಕಾದ್ದು ಮೂರು ಹಿಡಿ ಮಾತ್ರ. ತಿಂಗಳಿಗೊಂದು ಹಿಡಿ ಯೂರಿಯಾ ಹಾಕುವವರು ಮೂರೇ ತಿಂಗಳಲ್ಲಿ ಆ ಪಾಲು ಮುಗಿಸಿ, ಉಳಿದ ಒಂಬತ್ತು ತಿಂಗಳು ಗಿಡವನ್ನು ಸೊಪ್ಪಿಗೆ ತಳ್ಳುತ್ತಿರುತ್ತಾರೆ. ಒಂದು ವರ್ಷದ ಗಿಡಕ್ಕೆ ಮೇಲಿನ ಪ್ರಮಾಣದ ಕಾಲುಭಾಗ, ಎರಡನೇ ವರ್ಷ ಅರ್ಧ ಸಾಕು.

ಯೂರಿಯಾ ಮುಟ್ಟದವರ ಮನೆಯಲ್ಲೂ ಸಾರಜನಕ ಹೆಚ್ಚಾಗುವುದುಂಟು: ಹಸಿ ಸಗಣಿ, ಮೀನು ತೊಳೆದ ನೀರು, ವಾರವಾರವೂ ನೆನೆಸಿ ಹುಯ್ಯುವ ಕಡಲೆಕಾಯಿ ಹಿಂಡಿ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಸುಮಾರು ಶೇ 7, ಪೊಟ್ಯಾಷ್ ಅದರ ಐದನೇ ಒಂದು ಭಾಗದಷ್ಟು. ಹಿಂಡಿ ಕೆಟ್ಟದ್ದಲ್ಲ, ಹೂವಿನ ಹೊತ್ತಿಗೆ ಅದೊಂದೇ ಸಾಲದು. ಎಲೆ ಅಂಗೈಯಗಲ, ಕಡುಹಸಿರು, ಮೆತ್ತಗೆ, ಗೆಣ್ಣಿನಿಂದ ಗೆಣ್ಣಿಗೆ ದೂರ, ಜೊತೆಗೆ ಸಸ್ಯಹೇನಿನ ಕಾಟ: ಇಷ್ಟು ಕಂಡರೆ ಸಾರಜನಕ ಅತಿಯಾಗಿದೆ ಎಂದು ತಿಳಿಯಿರಿ. ಮೂರು ತಿಂಗಳು ಸಾರಜನಕವಿರುವ ಏನನ್ನೂ ಕೊಡಬೇಡಿ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ 17:17:17 ಗೊಬ್ಬರ ಕೂಡ ಬೇಡ. ಸಲ್ಫೇಟ್ ಆಫ್ ಪೊಟ್ಯಾಷ್ (0:0:50) ಲೀಟರಿಗೆ 5 ಗ್ರಾಂ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಮೂರು ಸಲ, ಬಿಸಿಲೇರುವ ಮುನ್ನ ಎಲೆಗೆ ಸಿಂಪಡಿಸಿ. ಬಾಳೆಸಿಪ್ಪೆಯಲ್ಲೂ ಪೊಟ್ಯಾಷ್ ಇದೆ, ಆದರೆ ಒಂದೆರಡು ಸಿಪ್ಪೆಯಲ್ಲಿ ಸಿಗುವುದು ತೀರಾ ಅಲ್ಪ. ಎಪ್ಸಮ್ ಉಪ್ಪಿನಲ್ಲಿರುವುದು ಮೆಗ್ನೀಸಿಯಮ್ ಮತ್ತು ಗಂಧಕ. ಹಳೆಯ ಎಲೆಗಳ ನರ ಹಸಿರಿದ್ದು ನಡುವೆ ಹಳದಿಯಾಗದ ಗಿಡಕ್ಕೆ ಅದರ ಅಗತ್ಯವೇ ಇಲ್ಲ.

ಮೊಟ್ಟೆ ಚಿಪ್ಪು, ಸೌದೆ ಬೂದಿ ನಮ್ಮ ಹೊಸ ಬಡಾವಣೆಗಳಲ್ಲಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಮಾಡುತ್ತವೆ. ಮನೆ ಕಟ್ಟಿದ ಮೇಲೆ ಕಾಂಪೌಂಡಿನೊಳಗೆ ತುಂಬುವ ಮಣ್ಣು ಮಣ್ಣಲ್ಲ. ಗಾರೆ, ಸಿಮೆಂಟ್ ಚೂರು, ಇಟ್ಟಿಗೆ ಪುಡಿ. ಅದರಿಂದ ಮಣ್ಣು ಕ್ಷಾರವಾಗಿ ಕಬ್ಬಿಣದ ಅಂಶ ಬೇರಿಗೆ ಸಿಗದಂತಾಗುತ್ತದೆ. ಆ ಮಣ್ಣಿಗೆ ಬೂದಿ, ಚಿಪ್ಪು ಎಂದರೆ ಸುಣ್ಣಕ್ಕೆ ಸುಣ್ಣ. ಹುಳಿಮಣ್ಣು ಬಯಸುವ ಇಕ್ಸೋರಾ ಮೊದಲು ಸುಳಿವು ಕೊಡುತ್ತದೆ: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಒಣಗಿದ ಒಂದು ಚಮಚ ಮಣ್ಣಿಗೆ ವಿನೆಗರ್ ಹಾಕಿದಾಗ ನೊರೆ ಬುಸುಗುಟ್ಟಿದರೆ ಅನುಮಾನವೇ ಬೇಡ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂ, ಜೊತೆಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನಕ್ಕೊಮ್ಮೆ ಮೂರು ಸಲ. ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣಿನಲ್ಲಿ ಅದು ಕೂಡಲೇ ನಿಷ್ಪ್ರಯೋಜಕವಾಗುತ್ತದೆ. ಮೂಳೆ ಗೊಬ್ಬರವೂ ಇಂಥ ಮಣ್ಣಿನಲ್ಲಿ ಕರಗುವುದಿಲ್ಲ. ಶಾಶ್ವತ ಪರಿಹಾರ ಬೇಕಾದರೆ ಎರಡಡಿ ಗುಂಡಿ ತೆಗೆದು ಆ ಮಣ್ಣನ್ನು ಹೊರಹಾಕಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ತುಂಬಬೇಕು. ಗಿಡ ಕಾಂಪೌಂಡಿನಿಂದ ಎರಡು ಮೂರು ಅಡಿ ದೂರವಿರಲಿ.

ಮಂಡ್ಯ ಕಡೆಯ ತೊಂದರೆ ಬೇರೆ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಭತ್ತ, ಕಬ್ಬಿನ ಗದ್ದೆಗೆ ಅಂಟಿದ ಮನೆಗಳಲ್ಲಿ ನಾಲೆಗೆ ನೀರು ಬಿಟ್ಟಾಗ ನೆಲ ತಿಂಗಳುಗಟ್ಟಲೆ ಜಿನುಗುತ್ತದೆ. ಬೇರಿಗೆ ಗಾಳಿಯಿಲ್ಲದ ಗಿಡ ಎಲೆ ಉಳಿಸಿಕೊಳ್ಳುವುದೇ ಹೆಚ್ಚು. ಒಂದಡಿ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ನೋಡಿ. ಎರಡನೇ ಸಲ ಗಂಟೆಗೆ ಒಂದು ಅಂಗುಲವೂ ಇಳಿಯದಿದ್ದರೆ ಅಲ್ಲಿ ಗುಂಡಿ ತೆಗೆದು ನೆಡಬೇಡಿ, ಒಂದಡಿ ಎತ್ತರ, ಮೂರಡಿ ಅಗಲದ ದಿಬ್ಬ ಹಾಕಿ ಅದರ ಮೇಲೆ ನೆಡಿ. ಬೋರ್‌ವೆಲ್ ನೀರು ಬಳಸುವವರ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ತಿಂಗಳಿಗೊಮ್ಮೆ ಮಳೆನೀರನ್ನೋ ಕಾವೇರಿ ನೀರನ್ನೋ ಕುಂಡದ ಅಳತೆಯ ಎರಡರಷ್ಟು ಹಾಯಿಸಿ ತಳದಿಂದ ಹರಿದುಹೋಗಲು ಬಿಡಿ. ಚೌಳು ಇರಬಹುದೆಂದು ಅನುಮಾನವಿದ್ದರೆ ತಾವಾಗಿ ಜಿಪ್ಸಮ್ ಸುರಿಯದೆ, 6–9 ಅಂಗುಲ ಆಳದ ಅರ್ಧ ಕೆ.ಜಿ. ಮಣ್ಣನ್ನು ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೋ, ಮೈಸೂರಿನ ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ಕೇಳಲಿ.

ಮೊಗ್ಗು ಮೂಡಿ ಉದುರುವ ಗಿಡಗಳ ವಿಚಾರಕ್ಕೆ ಬಂದರೆ, ಬಿದ್ದ ಮೊಗ್ಗನ್ನು ಬಿಳಿ ಕಾಗದದ ಮೇಲೆ ಸೀಳಿ. ಒಳಗೆ ಎಳ್ಳಿಗಿಂತ ಚಿಕ್ಕದಾದ, ಬಿಳಿ-ಹಳದಿ ಹುಳುಗಳು ಹೊರಳಾಡಿದರೆ ಅದು ಮೊಗ್ಗು ನೊಣದ ಮರಿ. ದಾಸವಾಳಕ್ಕೂ ಮಲ್ಲಿಗೆಗೂ ಇದು ಬರುತ್ತದೆ. ಮಲ್ಲಿಗೆಯ ಮೊಗ್ಗು ಬುಡದಲ್ಲಿ ನಸುಗೆಂಪು-ನೇರಳೆಗೆ ತಿರುಗಿ ಊದಿಕೊಳ್ಳುತ್ತದೆ. ಹುಳು ಮಣ್ಣಿಗಿಳಿದು ಕೋಶವಾಗುವುದರಿಂದ ಎಲೆಗೆ ಎಷ್ಟು ಸಿಂಪಡಿಸಿದರೂ ಮುಗಿಯದು. ಬಿದ್ದ ಮೊಗ್ಗನ್ನು ದಿನವೂ ಆರಿಸಿ ಮುಚ್ಚಿದ ಕವರಿನಲ್ಲಿ ಬಿಸಿಲಿಗಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬುಡದ ಮೇಲ್ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ, ಎಳೆ ಮೊಗ್ಗಿನ ಹಂತದಲ್ಲಿ ಬೇವಿನ ಎಣ್ಣೆ ಲೀಟರಿಗೆ 3–5 ಮಿ.ಲೀ., ಸ್ವಲ್ಪ ಸೋಪಿನ ನೀರಿನ ಜೊತೆ, ಸಂಜೆ ಹೊತ್ತು ವಾರಕ್ಕೊಮ್ಮೆ ಸಿಂಪಡಿಸಿ. ಮೊಗ್ಗಿಗೆ ತೂತು ಕೊರೆದು ಒಳಗೆ ಹಸುರು ಮರಿಹುಳು ಇದ್ದರೆ ಕೈಯಿಂದ ಕಿತ್ತು ನಾಶ ಮಾಡುವುದೇ ಮನೆಗಿಡಕ್ಕೆ ಸುಲಭ. ಸೀಳಿದಾಗ ಒಳಗೆ ಏನೂ ಇಲ್ಲದಿದ್ದರೆ ನೀರಿನ ಏರುಪೇರು. ಏಪ್ರಿಲ್-ಮೇಯಲ್ಲಿ 12 ಅಂಗುಲದ ಕುಂಡಕ್ಕೆ ದಿನಕ್ಕೆ 2–3 ಲೀಟರ್, ನೆಲದ ಎಳೆಗಿಡಕ್ಕೆ ವಾರಕ್ಕೆರಡು ಸಲ 8–10 ಲೀಟರ್ ಬೇಕು. ಬುಡಕ್ಕೆ ಮೂರು ಅಂಗುಲ ಕಬ್ಬಿನ ತರಗು ಹೊದಿಸಿ, ಕಾಂಡಕ್ಕೆ ತಾಗದಂತೆ. ಮೊಗ್ಗಿರುವ ಕುಂಡವನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎತ್ತಿಡುವ ಅಭ್ಯಾಸವನ್ನೂ ಬಿಡಬೇಕು.

ಎರಡು ವಿಶೇಷ ಪ್ರಕರಣ ಹೇಳಿ ಮುಗಿಸುತ್ತೇವೆ. ಡಿಸೆಂಬರಿನಲ್ಲಿ ಕೆಂಪೇರುವ ಪಾಯಿನ್ಸೆಟಿಯಾ ಮತ್ತು ಸೇವಂತಿಗೆ ಹೂವಿನ ಸೂಚನೆ ಕೊಡುವುದು ರಾತ್ರಿಯ ಉದ್ದ. ನಮ್ಮಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಈ ಸಣ್ಣ ವ್ಯತ್ಯಾಸವನ್ನೇ ಗಿಡ ಅಳೆಯುತ್ತದೆ. ಗೇಟಿನ ಪಕ್ಕದ ಬೀದಿದೀಪ ಅದನ್ನು ಅಳಿಸಿಹಾಕುತ್ತದೆ. ಸೇವಂತಿ ರೈತರು ಹೂವನ್ನು ತಡ ಮಾಡಲು ರಾತ್ರಿ ಹೊಲದಲ್ಲಿ ಬಲ್ಬ್ ಉರಿಸುವುದೂ ಇದೇ ತತ್ತ್ವದ ಮೇಲೆ. ಸೆಪ್ಟೆಂಬರ್ ಕೊನೆಯಿಂದ ಎರಡು ತಿಂಗಳು ಅಂಥ ಕುಂಡಗಳನ್ನು ದೀಪ ಬೀಳದ ಕಡೆ ಇಡಿ. ಎರಡನೆಯದು ಊಟಿಯಿಂದ ಬರುವಾಗ ಕಾರಿನಲ್ಲಿ ತರುವ ಹೈಡ್ರೇಂಜಿಯಾ. ಅದಕ್ಕೆ ಮೊಗ್ಗು ಕಟ್ಟಲು ಹಲವು ವಾರಗಳ ತಂಪು ಬೇಕು, ಬಯಲುಸೀಮೆಯ ಮೈಸೂರು-ಮಂಡ್ಯದಲ್ಲಿ ಅದು ಸಿಗುವುದಿಲ್ಲ. ಎಲೆಗಿಡವೆಂದು ಸಾಕಿ, ಇಲ್ಲವೇ ಮಡಿಕೇರಿಯ ನೆಂಟರಿಗೆ ಕೊಡಿ.

ಈ ಗೊಂದಲದ ಅರ್ಧದಷ್ಟು ಕೊಳ್ಳುವ ಜಾಗದಲ್ಲೇ ತಪ್ಪಿಸಬಹುದು. ಔಷಧದ ಬಾಟಲಿಗೆ ಚೀಟಿ ಕಡ್ಡಾಯ, ವರ್ಷಗಟ್ಟಲೆ ಬಾಳಬೇಕಾದ ಗಿಡಕ್ಕೆ ಒಂದು ಸಾಲಿನ ಚೀಟಿಯೂ ಇಲ್ಲ. ಬೀಜದ್ದೋ ಕಡ್ಡಿಯದ್ದೋ ಕಸಿಯದ್ದೋ, ಎಷ್ಟು ತಿಂಗಳ ಗಿಡ, ಎಷ್ಟು ಗಂಟೆ ಬಿಸಿಲು ಬೇಕು, ಯಾವ ತಿಂಗಳು ಸವರಬೇಕು: ಈ ನಾಲ್ಕನ್ನು ಕನ್ನಡದಲ್ಲಿ ಬರೆದು ಕಟ್ಟಲು ನರ್ಸರಿಯವರಿಗೆ ಹೆಚ್ಚು ಖರ್ಚಾಗದು. ತೋಟಗಾರಿಕೆ ಇಲಾಖೆ ಮುಂದಿನ ದಸರಾಕ್ಕೆ ಕುಪ್ಪಣ್ಣ ಪಾರ್ಕಿನ ಮಳಿಗೆಗಳಿಂದಲೇ ಈ ನಿಯಮ ಶುರು ಮಾಡಲಿ. ಜೊತೆಗೆ ಜನ ತಮ್ಮ ಗಿಡದ ರೆಂಬೆ, ಬಿದ್ದ ಮೊಗ್ಗು, ಒಂದು ಹಿಡಿ ಮಣ್ಣು ತಂದು ತೋರಿಸಲು ಒಂದು ಮೇಜು ಹಾಕಿ, ಯಲಚಹಳ್ಳಿಯ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳನ್ನು ಅಲ್ಲಿ ಕೂರಿಸಲಿ. ಆ ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಬಾಟಲಿ ವಿನೆಗರ್, ಒಂದಿಷ್ಟು ಬಿಳಿ ಕಾಗದ ಇದ್ದರೆ ಬೇಕಾದ ಪರೀಕ್ಷೆಗಳಲ್ಲಿ ಹೆಚ್ಚಿನವು ಅಲ್ಲೇ ಆಗುತ್ತವೆ.

ಇಂತಿ,
ಕೈತೋಟದ ಆಸಕ್ತರು,
ಮೈಸೂರು